ವಿರುದ್ಧ ವಿಚಾರಗಳಿಂದ ಕಥೆಯಲ್ಲಿ ಸಂಘರ್ಷ ಹುಟ್ಟಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕಥೆ ಬರೆಯುವವರ ಜೊತೆ ಕೂತಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಒಂದೊಂದು ಉತ್ತರಕ್ಕೂ ಹೊಸ ಉದಾಹರಣೆ ಹುಡುಕುವ ಬದಲು ಒಂದೇ ಕಥೆಯನ್ನು ಕೊನೆಯವರೆಗೂ ಎಳೆದಿದ್ದೇನೆ. ನಾನೇ ಬರೆಯುತ್ತಿರುವ, ಇನ್ನೂ ಮುಗಿಯದ ಕಥೆ ಅದು. ಇಷ್ಟೇ ಅದರ ಹೂರಣ:

ಅಪ್ಪ ತೀರಿಕೊಂಡಿದ್ದಾರೆ. ಅವರ ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಅದರ ತುಂಬ ಹಳೆಯ ಪತ್ರಗಳು. ಸಾಯುವ ಹಿಂದಿನ ರಾತ್ರಿ ಅವರು ಮಗಳ ಕೈಗೆ ಬೀಗದ ಕೈ ಕೊಟ್ಟು, "ಯಾರೂ ಓದೋದು ಬೇಡ, ಸುಟ್ಟುಬಿಡು" ಎಂದಿದ್ದರು. ಅವಳು ಹೂಂ ಎಂದಿದ್ದಳು. ತಮ್ಮನಿಗೆ ಆರು ವರ್ಷ ಇದ್ದಾಗ ಅಮ್ಮ ಮನೆ ಬಿಟ್ಟು ಹೋಗಿದ್ದಳು. ಯಾಕೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಉತ್ತರ ಆ ಟ್ರಂಕಿನಲ್ಲಿದೆ ಎಂದು ಅವನ ನಂಬಿಕೆ. ಈಗ ಮನೆಯಲ್ಲಿ ಇರುವುದು ಅಕ್ಕ, ತಮ್ಮ, ಟ್ರಂಕು. ಮೂರೇ.

ವಿರುದ್ಧ ವಿಚಾರ ಅಂದರೆ ಏನು? ಬರೀ ಜಗಳ ಸಾಲದೇ?

ಜಗಳ ಬೇರೆ, ಸಂಘರ್ಷ ಬೇರೆ. ಇಬ್ಬರು ಕಿರುಚಾಡಿದರೆ ಅದು ಜಗಳ. ಕಿರುಚಾಟ ನಿಂತ ಮೇಲೂ ಇಬ್ಬರ ನಡುವೆ ಏನೋ ಉಳಿದಿರುತ್ತದೆ ಅಲ್ವಾ, ಸಂಘರ್ಷ ಅದು.

ವಿಚಾರ ಎಂದರೆ ಇಲ್ಲಿ ದೊಡ್ಡ ತತ್ವವೇ ಆಗಬೇಕಿಲ್ಲ. "ಬದುಕಿನಲ್ಲಿ ಇದು ಮುಖ್ಯ" ಎಂದು ಒಬ್ಬ ಮನುಷ್ಯ ಒಳಗೊಳಗೇ ಹಿಡಿದುಕೊಂಡಿರುವ ನಂಬಿಕೆ, ಅಷ್ಟೆ. ಅಕ್ಕನಿಗೆ ಕೊಟ್ಟ ಮಾತು ಮುಖ್ಯ. ತಮ್ಮನಿಗೆ ತನ್ನ ಬದುಕಿನ ಸತ್ಯ ಮುಖ್ಯ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರೆ ನಾವು ಇಬ್ಬರಿಗೂ ತಲೆಯಾಡಿಸುತ್ತೇವೆ. ಒಂದೇ ಟ್ರಂಕಿನ ಮುಂದೆ ಇಬ್ಬರನ್ನೂ ನಿಲ್ಲಿಸಿದಾಗ ಮಾತ್ರ ಕಷ್ಟ ಶುರುವಾಗುತ್ತದೆ. ಪತ್ರಗಳನ್ನು ಸುಡಬಹುದು, ಇಲ್ಲವೇ ಓದಬಹುದು. ಓದಿ ಆಮೇಲೆ ಸುಟ್ಟರೆ ಮಾತು ಉಳಿಯುವುದಿಲ್ಲ. ಓದದೆ ಸುಟ್ಟರೆ ಸತ್ಯ ಉಳಿಯುವುದಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ದಾರಿ ಒಂದಿದ್ದರೆ ಪಾತ್ರಗಳು ಅದನ್ನೇ ಹಿಡಿದು ಹೋಗುತ್ತವೆ, ಕಥೆ ಅಲ್ಲಿಗೆ ಮುಗಿಯಿತು. ಆ ದಾರಿಯನ್ನು ಮೊದಲೇ ಹುಡುಕಿ ಮುಚ್ಚುವುದು ಬರೆಯುವವರ ಕೆಲಸ.

ಒಳ್ಳೆಯವನು, ಕೆಟ್ಟವನು ಅಂತ ಇಟ್ಟರೆ ಸುಲಭ ಅಲ್ವಾ?

ಸುಲಭ, ನಿಜ. ಸುಲಭವಾಗಿರುವುದಕ್ಕೇ ಅದು ಬೇಗ ಸವೆಯುತ್ತದೆ. ಒಳ್ಳೆಯವನು ಗೆಲ್ಲುತ್ತಾನಾ ಎಂಬ ಒಂದೇ ಪ್ರಶ್ನೆ ಅಲ್ಲಿ ಉಳಿಯುವುದು. ಯಾರು ಸರಿ ಎಂದು ಓದುಗರು ಒಂದು ಕ್ಷಣವೂ ತಲೆ ಕೆರೆದುಕೊಳ್ಳುವುದಿಲ್ಲ.

ಎರಡು ಸರಿಗಳ ನಡುವಿನ ತಿಕ್ಕಾಟ ಹೊಸದೇನಲ್ಲ. ಕ್ರಿ.ಪೂ. 441ರ ಸುಮಾರಿಗೆ ಗ್ರೀಸಿನ ಸೊಫೋಕ್ಲಿಸ್ ಬರೆದ 'ಆಂಟಿಗನಿ' ನಾಟಕವನ್ನೇ ನೋಡಿ. ಅದರ ನಾಯಕಿ ಆಂಟಿಗನಿಯ ಅಣ್ಣ ತನ್ನ ಊರಿನ ಮೇಲೇ ದಂಡೆತ್ತಿ ಬಂದು ಸತ್ತಿದ್ದಾನೆ. ದ್ರೋಹಿಯ ಹೆಣಕ್ಕೆ ಮಣ್ಣು ಕೊಡಕೂಡದು ಎಂದು ರಾಜ ಕ್ರಿಯಾನ್ ಆಜ್ಞೆ ಮಾಡುತ್ತಾನೆ. ಯುದ್ಧದಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಊರಿಗೆ ಕಾನೂನು ಬೇಕು ಎನ್ನುವುದು ಅವನ ವಾದ. ಒಡಹುಟ್ಟಿದವನ ಹೆಣ ನಾಯಿ ಹದ್ದುಗಳ ಪಾಲಾಗಬಾರದು, ಅದು ದೇವರ ಕಾನೂನು ಎನ್ನುವುದು ಅವಳದು. ಅವಳು ಹೋಗಿ ಮಣ್ಣು ಹಾಕುತ್ತಾಳೆ. ಕೊನೆಗೆ ಅವಳೂ ಸಾಯುತ್ತಾಳೆ, ಅವಳನ್ನು ಮದುವೆಯಾಗಬೇಕಿದ್ದ ರಾಜನ ಮಗನೂ ಸಾಯುತ್ತಾನೆ, ರಾಣಿಯೂ ಸಾಯುತ್ತಾಳೆ. ಜರ್ಮನಿಯ ತತ್ವಜ್ಞಾನಿ ಹೆಗೆಲ್‌ಗೆ ಈ ನಾಟಕದ ಮೇಲೆ ಬಹಳ ಪ್ರೀತಿ. ಇಲ್ಲಿ ಸರಿ ಮತ್ತು ತಪ್ಪು ಹೊಡೆದಾಡುತ್ತಿಲ್ಲ, ಎರಡು ಸರಿಗಳು ಹೊಡೆದಾಡುತ್ತಿವೆ, ತನ್ನದು ಮಾತ್ರ ಸರಿ ಎಂದು ಹಟ ಹಿಡಿದದ್ದೇ ಎರಡರ ದೋಷ ಎಂಬುದು ಅವನ ಓದು.

ಎಲ್ಲರೂ ಹೆಗೆಲ್ ಮಾತನ್ನು ಒಪ್ಪುವುದಿಲ್ಲ. ನಾಟಕದಲ್ಲೇ ಕುರುಡ ಕಾಲಜ್ಞಾನಿಯೊಬ್ಬ ಬಂದು ರಾಜನಿಗೆ ನೀನು ತಪ್ಪಿದ್ದೀಯೆ ಎಂದು ಮುಖಕ್ಕೆ ಹೇಳುತ್ತಾನೆ. ನನಗೆ ಇಲ್ಲಿ ಇಷ್ಟವಾಗುವ ವಿಷಯವೇ ಬೇರೆ. ರಾಜನ ವಾದ ಎಷ್ಟು ಗಟ್ಟಿ ಇದೆಯೆಂದರೆ, ಎರಡು ಸಾವಿರದ ನಾನೂರು ವರ್ಷ ಆದ ಮೇಲೂ ಅವನ ಪರ ವಕಾಲತ್ತು ಮಾಡುವವರು ಸಿಗುತ್ತಾರೆ. ನಿಮ್ಮ ಕಥೆಯ ಎದುರಾಳಿಗೆ ಒಬ್ಬ ವಕೀಲನಾದರೂ ಸಿಗುತ್ತಾನಾ? ಕೇಳಿಕೊಳ್ಳಿ.

ವಿಚಾರ ಎರಡೂ ಸಿಕ್ಕಿವೆ. ಆದರೆ ಬರೆದರೆ ಚರ್ಚಾಸ್ಪರ್ಧೆ ಥರ ಆಗ್ತಿದೆ. ಏನು ಮಾಡಲಿ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನನ್ನ ಮೊದಲ ಕರಡೂ ಹೀಗೇ ಇತ್ತು:

"ಕೊಟ್ಟ ಮಾತಿಗಿಂತ ದೊಡ್ಡದು ಯಾವುದೂ ಇಲ್ಲ" ಎಂದಳು ಅಕ್ಕ.
"ಸತ್ಯ ತಿಳಿಯುವ ಹಕ್ಕು ಎಲ್ಲರಿಗೂ ಇದೆ" ಎಂದ ತಮ್ಮ.

ಯಾವ ಮನೆಯಲ್ಲಿ ಅಕ್ಕ ತಮ್ಮ ಹೀಗೆ ಮಾತಾಡುತ್ತಾರೆ? ಮೈಕ್ ಒಂದು ಕಮ್ಮಿ. ಇಲ್ಲಿ ವಿಚಾರಗಳು ನೇರವಾಗಿ ಬಾಯಿಗೆ ಬಂದಿವೆ. ಮನುಷ್ಯರು ತಮಗೆ ತೀರಾ ಮುಖ್ಯವಾದದ್ದನ್ನು ಹಾಗೆ ಹೇಳುವುದಿಲ್ಲ. ಕುರ್ಚಿ, ಬೀಗ, ಲೈಟು, ತಟ್ಟೆ ಇಂಥವುಗಳ ಮೇಲೆ ಹಾಕಿ ಹೇಳುತ್ತಾರೆ. ಎರಡನೇ ಸಲ ಬರೆದದ್ದು ಹೀಗಿದೆ:

ಅಕ್ಕ ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದಳು. ತಮ್ಮ ಟ್ರಂಕಿನ ಮೇಲೆ ಕೂತಿದ್ದ.
"ಏಳೋ."
"ಕಾಲು ನೋಯ್ತಿದೆ."
"ಕುರ್ಚಿ ಇದೆಯಲ್ಲ."
"ಇದೇ ಚೆನ್ನಾಗಿದೆ." ಅವನು ಮುಚ್ಚಳದ ತುಕ್ಕನ್ನು ಉಗುರಿನಲ್ಲಿ ಕೆರೆದ. "ಅಕ್ಕಾ, ಅಮ್ಮನ ಅಕ್ಷರ ಹೇಗಿತ್ತು?"
ಅವಳು ಬೆಂಕಿಪೊಟ್ಟಣ ಅಲ್ಲಾಡಿಸಿ ನೋಡಿದಳು. ನಾಲ್ಕೈದು ಕಡ್ಡಿ ಇದ್ದ ಹಾಗಿತ್ತು.
"ನೆನಪಿಲ್ಲ ಕಣೋ."
"ನಿಂಗೆ ಆಗ ಹನ್ನೊಂದು ವರ್ಷ. ನಿನ್ನ ಪುಸ್ತಕಕ್ಕೆಲ್ಲ ಅವಳೇ ತಾನೆ ಹೆಸರು ಬರೆದುಕೊಡ್ತಿದ್ದಿದ್ದು?"
"ಏಳು ಅಂದೆ."

ಮಾತು, ಸತ್ಯ, ಹಕ್ಕು ಎನ್ನುವ ಪದಗಳೇ ಇಲ್ಲಿ ಇಲ್ಲ. ಆದರೂ ಯಾರಿಗೆ ಏನು ಬೇಕು ಎಂದು ತಿಳಿಯುತ್ತದೆ. ತಮ್ಮನ ವಿಚಾರ ಅವನು ಕೂತ ಜಾಗದಲ್ಲಿದೆ. ಅಕ್ಕನ ವಿಚಾರ ಬೆಂಕಿಪೊಟ್ಟಣದಲ್ಲಿದೆ. "ನೆನಪಿಲ್ಲ" ಎಂದು ಅವಳು ಹೇಳಿದ್ದು ಸುಳ್ಳು ಎಂದು ನಮಗೂ ಗೊತ್ತಾಗುತ್ತದೆ, ಅವನಿಗೂ ಗೊತ್ತಾಗುತ್ತದೆ.

ನಾನು ಮಾಡುವ ಉಪಾಯ ಇಷ್ಟೇ. ಮೊದಲು ಭಾಷಣವನ್ನೇ ಬರೆದುಕೊಳ್ಳುತ್ತೇನೆ, ಬೇಕಾದಷ್ಟು ಉದ್ದಕ್ಕೆ. ಪಾತ್ರದ ಮನಸ್ಸು ತಿಳಿಯಲು ಅದು ಬೇಕು. ಆಮೇಲೆ ಆ ವಿಚಾರದ ಹೆಸರು ಬರುವ ಎಲ್ಲ ಪದಗಳನ್ನೂ ಹೊಡೆದುಹಾಕಿ, ಅದೇ ಮಾತನ್ನು ಕೋಣೆಯಲ್ಲಿರುವ ಒಂದು ವಸ್ತುವಿನ ಬಗ್ಗೆ ಆಡಿಸುತ್ತೇನೆ. ಹಾಗಂತ ಪಾತ್ರಗಳು ಕೊನೆಯವರೆಗೂ ನೇರವಾಗಿ ಮಾತಾಡಲೇಬಾರದು ಅಂತಲ್ಲ. ಇಡೀ ಕಥೆಯಲ್ಲಿ ಒಂದೇ ಒಂದು ಸಲ ಆಡಲಿ. ಅದಕ್ಕೆ ಕಾಯಿಸಿದಷ್ಟೂ ಅದು ನಾಟುತ್ತದೆ.

ಇಬ್ಬರಿಗೂ ಆಗಿಬರಲ್ಲ ಅಂದಮೇಲೆ ಒಬ್ಬರು ಎದ್ದು ಹೋಗಬಹುದಲ್ಲ?

ಹೋಗಬಹುದು. ಅದಕ್ಕೇ ಬಾಗಿಲು ಹಾಕಬೇಕು ಅನ್ನುವುದು. ನಾಟಕ ಬರೆಯುವುದರ ಬಗ್ಗೆ ಪಾಠ ಹೇಳುತ್ತಿದ್ದ ಲಾಯೋಶ್ ಎಗ್ರಿ 1946ರ ತನ್ನ ಪುಸ್ತಕದಲ್ಲಿ ಇದಕ್ಕೆ ವಿರುದ್ಧಗಳ ಐಕ್ಯ ಎನ್ನುವ ಅರ್ಥದ ಹೆಸರು ಕೊಟ್ಟ. ಹೆಸರು ದೊಡ್ಡದು, ಸಂಗತಿ ಸರಳ. ಎಣ್ಣೆ ಸೀಗೆಕಾಯಿಯಂತಿರುವ ಇಬ್ಬರನ್ನು ಸುಮ್ನೆ ಎದುರುಬದುರು ನಿಲ್ಲಿಸಿದರೆ ಸಾಲದು. ಇಬ್ಬರನ್ನೂ ಬಿಡಿಸಲಾಗದಂತೆ ಒಂದು ಕಡೆ ಕಟ್ಟಿಹಾಕಬೇಕು. ಒಬ್ಬರಲ್ಲಿ ಏನಾದರೂ ಬುಡಮಟ್ಟ ಬದಲಾಗುವವರೆಗೆ ಅಥವಾ ಮುರಿಯುವವರೆಗೆ ಆ ಗಂಟು ಬಿಚ್ಚಬಾರದು.

ಬಸ್ಸಿನಲ್ಲಿ ಪಕ್ಕ ಕೂತ ಇಬ್ಬರು ಅಪರಿಚಿತರು ದೇವರಿದ್ದಾನಾ ಇಲ್ಲವಾ ಎಂದು ವಾದ ಮಾಡಿದರೆ ಕಥೆ ಆಗುವುದು ಕಷ್ಟ. ನಿಲ್ದಾಣ ಬಂದರೆ ಇಳಿದು ಹೋಗುತ್ತಾರೆ. ಅದೇ ಇಬ್ಬರು ಒಂದು ಮಗುವಿನ ಅಪ್ಪ ಅಮ್ಮ ಆಗಿದ್ದು, ಆ ಮಗುವಿಗೆ ಕಾಯಿಲೆ ಬಂದಿದ್ದರೆ? ಯಾರೂ ಇಳಿಯುವ ಹಾಗಿಲ್ಲ.

ಕಟ್ಟಿಹಾಕಲು ನಾಲ್ಕಾರು ಹಗ್ಗಗಳಿವೆ. ರಕ್ತಸಂಬಂಧ, ಪ್ರೀತಿ, ಸಾಲ, ಒಂದೇ ಕೆಲಸ, ಇಬ್ಬರಿಗೂ ಬೇಕಾದ ಒಂದೇ ವಸ್ತು. ನನ್ನ ಕಥೆಯಲ್ಲಿ ಮೊದಲು ಎರಡು ಟ್ರಂಕು ಇದ್ದವು. ಒಂದನ್ನು ತೆಗೆದೆ. ಹಂಚಿಕೊಳ್ಳಲು ಬರುವ ಹಾಗಿದ್ದರೆ ಯಾರು ಜಗಳ ಆಡುತ್ತಾರೆ?

ನಾನು ಸ್ವಲ್ಪವೂ ಒಪ್ಪದ ವಿಚಾರವನ್ನು ಪಾತ್ರದ ಬಾಯಲ್ಲಿ ಹೇಗೆ ಹೇಳಿಸಲಿ?

ನಿಮ್ಮ ಅತ್ಯುತ್ತಮ ಮಾತನ್ನು ಅವರಿಗೇ ಕೊಡಿ. ಕೇಳಲು ಸುಲಭ, ಮಾಡಲು ಹೊಟ್ಟೆ ಉರಿಯುತ್ತದೆ.

ನನ್ನ ಹಳೆಯ ಕಥೆಯೊಂದರಲ್ಲಿ ಮಗ ಮನೆ ಬಿಟ್ಟು ಹೋಗಬೇಕು ಎನ್ನುತ್ತಾನೆ, ಅಪ್ಪ ಬೇಡ ಎನ್ನುತ್ತಾರೆ. ಮಗನ ಪರವಾಗಿ ಪುಟಗಟ್ಟಲೆ ಬರೆದಿದ್ದೆ. ಅಪ್ಪನಿಗೆ ನಾನು ಕೊಟ್ಟಿದ್ದು ಬರೀ ಗದರಿಕೆ. ನಾಲ್ಕು ಜನ ಗೆಳೆಯರ ಮುಂದೆ ಓದಿದೆ. ಒಬ್ಬ ಗೆಳತಿ ಕೇಳಿದಳು: "ಆ ಅಪ್ಪನಿಗೆ ಯಾಕೆ ಅಷ್ಟು ಭಯ?" ನನ್ನ ಬಳಿ ಉತ್ತರವೇ ಇರಲಿಲ್ಲ. ಮೂರು ತಿಂಗಳು ಬರೆದ ಕಥೆಯಲ್ಲಿ ಒಬ್ಬ ಮನುಷ್ಯ ಯಾಕೆ ಹೆದರುತ್ತಾನೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಕಥೆ ಇವತ್ತಿಗೂ ಡ್ರಾಯರಿನಲ್ಲೇ ಇದೆ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದ ಒಂದು ಮಾತು ಕಥೆಗಾರರಿಗೆ ತುಂಬ ಉಪಯೋಗಕ್ಕೆ ಬರುತ್ತದೆ. ತನ್ನ ಪಕ್ಷವನ್ನು ಮಾತ್ರ ಬಲ್ಲವನಿಗೆ ತನ್ನ ಪಕ್ಷವೂ ಸರಿಯಾಗಿ ಗೊತ್ತಿರುವುದಿಲ್ಲ ಎನ್ನುತ್ತಾನೆ ಅವನು. ಎದುರು ವಾದವನ್ನು ಅದನ್ನು ಒಪ್ಪದ ಮೇಷ್ಟರ ಬಾಯಿಂದ ಕೇಳಿದರೆ ಸಾಲದು, ಅದನ್ನು ಮನಸಾರೆ ನಂಬಿದವರಿಂದಲೇ ಕೇಳಬೇಕು ಎಂದೂ ಹೇಳುತ್ತಾನೆ. ಹಾಗೇ ಮಾಡಿ. ಅಂಥವರ ಜೊತೆ ಕೂತು ಮಾತಾಡಿ, ಆದರೆ ವಾದ ಮಾಡಬೇಡಿ. "ನಿಮಗೆ ಹೀಗೆ ಅನ್ನಿಸಿದ್ದು ಯಾವಾಗಿನಿಂದ?" ಎಂದು ಕೇಳಿ. "ಯಾಕೆ" ಎಂದರೆ ವಾದ ಬರುತ್ತದೆ, "ಯಾವಾಗಿನಿಂದ" ಎಂದರೆ ಕಥೆ ಬರುತ್ತದೆ.

ಹಾಗಾದರೆ ಖಳನಾಯಕ ಬೇಡವೇ ಬೇಡವಾ?

ಬೇಕಾದರೆ ಇಟ್ಟುಕೊಳ್ಳಿ. ಇಂಗ್ಲಿಷಿನ ಆಂಟಾಗನಿಸ್ಟ್ ಎಂಬ ಪದಕ್ಕೆ ಮೂಲದಲ್ಲಿ ಖಳ ಎಂಬ ಅರ್ಥವೇ ಇಲ್ಲ. ಗ್ರೀಕಿನಲ್ಲಿ ಅಗೋನ್ ಎಂದರೆ ಸ್ಪರ್ಧೆ, ಪಂದ್ಯ. ಎದುರು ನಿಂತು ಸೆಣಸುವವನು ಆಂಟಾಗನಿಸ್ಟ್. ಕುಸ್ತಿಯಲ್ಲಿ ಎದುರಾಳಿ ಕೆಟ್ಟವನಾಗಬೇಕಿಲ್ಲ, ಬಲವಾಗಿದ್ದರೆ ಸಾಕು.

ಒಂದೇ ಪಾತ್ರದ ಒಳಗೆ ಎರಡು ವಿಚಾರ ಇರಬಹುದಾ?

ಇರಲೇಬೇಕು ಎನ್ನುತ್ತೇನೆ ನಾನು. ನಮ್ಮಲ್ಲಿ ಒಳತೋಟಿ ಎಂಬ ಚೆಂದದ ಪದ ಇದೆ. ಹೊರಗಿನ ತಿಕ್ಕಾಟ ಒಳಗೂ ನಡೆಯದಿದ್ದರೆ ಪಾತ್ರ ಬರೀ ಬಾವುಟ ಹಿಡಿದ ಕಂಬ ಆಗುತ್ತದೆ.

ಅಕ್ಕನಿಗೂ ಆ ಪತ್ರ ಓದಬೇಕು ಎಂಬ ಆಸೆ ಇದೆ. ತಮ್ಮನಿಗಿಂತ ಜಾಸ್ತಿಯೇ ಇದೆ, ಯಾಕೆಂದರೆ ಅಮ್ಮ ಅವಳಿಗೆ ಚೆನ್ನಾಗಿ ನೆನಪಿದ್ದಾಳೆ. ತಮ್ಮನಿಗೂ ಒಳಗೆ ಒಂದು ಭಯ ಇದೆ. ಅಮ್ಮ ಹೋದದ್ದು ತನ್ನಿಂದಲೇ ಎಂದು ಅದರಲ್ಲಿ ಬರೆದಿದ್ದರೆ? ಅಂದರೆ ತಮ್ಮ ಯಾವ ಸತ್ಯಕ್ಕಾಗಿ ಹೋರಾಡುತ್ತಾನೋ ಅದಕ್ಕೇ ಹೆದರುತ್ತಾನೆ. ಅಕ್ಕ ಯಾವ ಆಸೆಯನ್ನು ತಡೆಯುತ್ತಾಳೋ ಅದು ಅವಳದ್ದೇ ಆಸೆ. ಇದು ಸಿಕ್ಕಿದ ಮೇಲೆ ಸಂಭಾಷಣೆ ತಾನಾಗಿಯೇ ಹದಕ್ಕೆ ಬಂತು. ಅವಳು ಅವನನ್ನು ಗದರುವಾಗ ಅರ್ಧ ತನ್ನನ್ನೇ ಗದರಿಕೊಳ್ಳುತ್ತಿರುತ್ತಾಳೆ.

ಸಂಘರ್ಷವನ್ನು ಏರಿಸುವುದು ಹೇಗೆ? ಒಂದೇ ಜಗಳ ಮೂರು ಸಲ ಬರೆದ ಹಾಗೆ ಆಗ್ತಿದೆ.

ದನಿ ಏರಿಸಿದರೆ ಸಂಘರ್ಷ ಏರುವುದಿಲ್ಲ. ಪ್ರತಿ ಹೆಜ್ಜೆಗೂ ಪಾತ್ರ ಏನಾದರೂ ಕಳೆದುಕೊಳ್ಳಬೇಕು. ನನ್ನ ಅನುಭವದಲ್ಲಿ ಬಲವಾದ ಹೆಜ್ಜೆ ಯಾವುದೆಂದರೆ, ತನ್ನ ವಿಚಾರವನ್ನು ಉಳಿಸಿಕೊಳ್ಳಲು ಪಾತ್ರ ಆ ವಿಚಾರಕ್ಕೇ ದ್ರೋಹ ಮಾಡಬೇಕಾಗಿ ಬರುವುದು.

ಅಕ್ಕನಿಗೆ ಮಾತು ದೊಡ್ಡದು. ನಂಬಿಕೆಗೆ ಮೋಸ ಮಾಡದವಳು ಅವಳು. ತಮ್ಮ ಬೀಗದ ಕೈ ಕೇಳುತ್ತಾನೆ. ಅವಳು "ಕಳೆದುಹೋಗಿದೆ" ಎನ್ನುತ್ತಾಳೆ. ಸತ್ತವರಿಗೆ ಕೊಟ್ಟ ಮಾತು ಉಳಿಸಲು ಬದುಕಿರುವವನಿಗೆ ಸುಳ್ಳು ಹೇಳಿದಳು. ಸಣ್ಣ ಸುಳ್ಳು, ಆದರೆ ಅವಳ ಮಟ್ಟಿಗೆ ಅದು ಮೊದಲ ಬಿರುಕು.

ತಮ್ಮನಿಗೆ ಸತ್ಯ ದೊಡ್ಡದು. ಮುಚ್ಚಿಡುವುದನ್ನು ಕಂಡರೆ ಅವನಿಗೆ ಆಗುವುದಿಲ್ಲ, ಅವನ ಬಾಲ್ಯವನ್ನೇ ಮುಚ್ಚಿಟ್ಟಿದ್ದರಲ್ಲ. ಆ ರಾತ್ರಿ ಅಕ್ಕ ಮಲಗಿದ ಮೇಲೆ ಅವನು ಸ್ಕ್ರೂಡ್ರೈವರಿನಿಂದ ಕೊಂಡಿ ಸಡಿಲ ಮಾಡಿ ಒಂದು ಲಕೋಟೆ ತೆಗೆಯುತ್ತಾನೆ. ಕೊಂಡಿಯನ್ನು ಮೊದಲಿದ್ದ ಹಾಗೇ ಒತ್ತಿಡುತ್ತಾನೆ. ಬೆಳಗ್ಗೆ ಅಕ್ಕ "ನಿದ್ದೆ ಬಂತಾ?" ಎಂದು ಕೇಳಿದರೆ "ಹೂಂ, ಚೆನ್ನಾಗಿ" ಎನ್ನುತ್ತಾನೆ. ಮುಚ್ಚಿಡುವುದನ್ನು ಸಹಿಸದವನು ಈಗ ತಾನೇ ಮುಚ್ಚಿಡುತ್ತಿದ್ದಾನೆ. ಲಕೋಟೆ ಅವನ ಅಂಗಿಯ ಒಳಗಿದೆ. ಬಗ್ಗಿದರೆ ಕಾಗದದ ಸದ್ದಾಗುತ್ತದೆ. ಅದಕ್ಕೆ ಆ ದಿನ ಪೂರ್ತಿ ಅವನು ಬೆನ್ನು ನೆಟ್ಟಗೆ ಮಾಡಿಕೊಂಡೇ ಓಡಾಡುತ್ತಾನೆ. ಅಕ್ಕ ಅದನ್ನು ಗಮನಿಸುತ್ತಾಳೆ.

ನೋಡಿ, ಇಲ್ಲಿ ಯಾರೂ ಕಿರುಚಿಲ್ಲ. ಆದರೂ ಮೊದಲಿಗಿಂತ ಬಿಗಿ ಜಾಸ್ತಿ ಆಗಿದೆ. ಇಬ್ಬರೂ ಹಿಂದಕ್ಕೆ ಹೋಗಲಾರದಂಥ ಕೆಲಸ ಮಾಡಿಬಿಟ್ಟಿದ್ದಾರೆ. ಒಂದೇ ಜಗಳ ಮೂರು ಸಲ ಬಂದಂತೆ ಅನ್ನಿಸಿದರೆ ಹೀಗೆ ಪರೀಕ್ಷಿಸಿ: ಎರಡನೇ ದೃಶ್ಯವನ್ನು ಪೂರ್ತಿ ತೆಗೆದುಹಾಕಿದರೆ ಮೂರನೆಯದು ಅರ್ಥವಾಗುತ್ತದಾ? ಆಗುತ್ತದೆ ಎಂದಾದರೆ ಎರಡನೆಯದರಲ್ಲಿ ಏನೂ ನಡೆದಿಲ್ಲ.

ಇನ್ನೊಂದು ಹಳೆಯ ಉಪಾಯ ಅದಲುಬದಲು. ಒಂದು ಹೊಸ ಸಂಗತಿ ಗೊತ್ತಾಗಿ, ಓದಬೇಕು ಎಂದವನು ಬೇಡ ಎನ್ನುವ ಹಾಗೆ, ಬೇಡ ಎಂದವಳು ಬೇಕು ಎನ್ನುವ ಹಾಗೆ ಆಗುವುದು. ಚೆನ್ನಾಗಿ ಕೂತರೆ ಅದ್ಭುತ. ಕೂರದಿದ್ದರೆ ಬರೀ ಗಿಮಿಕ್ಕು. ಹೊಸ ಸಂಗತಿ ಆಕಾಶದಿಂದ ಉದುರಬಾರದು, ಮೊದಲಿನಿಂದಲೂ ಕಣ್ಣ ಮುಂದೆಯೇ ಇದ್ದಿರಬೇಕು.

ಎರಡೇ ವಿಚಾರ ಇರಬೇಕಾ? ಮೂರನೆಯದು ತಂದರೆ?

ತನ್ನಿ. ಎರಡೇ ಇದ್ದರೆ ಕಥೆ ಟೆನಿಸ್ ಪಂದ್ಯದಂತೆ ಅತ್ತ ಇತ್ತ ಆಡುತ್ತಿರುತ್ತದೆ. ನನ್ನ ಕಥೆಗೆ ಚಿಕ್ಕಪ್ಪ ಬರುತ್ತಾರೆ. "ಪತ್ರ ಸುಟ್ಟರೇನು, ಓದಿದರೇನು? ಹೋದವರು ಹೋದರು. ನೀವಿಬ್ಬರು ಮಾತು ಬಿಡಬೇಡಿ ಅಷ್ಟೆ." ಅವರಿಗೆ ಮಾತೂ ಮುಖ್ಯವಲ್ಲ, ಸತ್ಯವೂ ಮುಖ್ಯವಲ್ಲ, ನೆಮ್ಮದಿ ಮುಖ್ಯ. ತಮಾಷೆ ಏನೆಂದರೆ, ಅವರು ಬಾಯಿ ತೆಗೆದ ಕೂಡಲೇ ಅಕ್ಕ ತಮ್ಮ ಇಬ್ಬರೂ ಒಂದಾಗಿ ಅವರ ಮೇಲೆ ರೇಗುತ್ತಾರೆ. ತಾವಿಬ್ಬರೂ ಎಷ್ಟು ಹತ್ತಿರದವರು ಎಂದು ಅವರಿಗೇ ಆಗ ತಿಳಿಯುತ್ತದೆ. ಮೂರನೆಯವರಿಂದ ಆಗುವ ಲಾಭ ಇದೇ.

ನಾಲ್ಕು, ಐದು? ಕಾದಂಬರಿಯಾದರೆ ಸರಿ. ಸಣ್ಣಕಥೆ ಅಷ್ಟು ಭಾರ ಹೊರುವುದಿಲ್ಲ.

ಹಾಸ್ಯದ ಕಥೆಗೂ ಇದೆಲ್ಲ ಬೇಕಾ?

ಇನ್ನೂ ಜಾಸ್ತಿ ಬೇಕು. ಗಂಭೀರ ಕಥೆಯಲ್ಲಿ ದೊಡ್ಡ ವಿಷಯಕ್ಕೆ ಎರಡು ವಿಚಾರಗಳು ಸೆಣಸುತ್ತವೆ. ಹಾಸ್ಯದಲ್ಲಿ ಅಷ್ಟೇ ಹಟದಿಂದ ಫ್ಯಾನು ಎಷ್ಟರಲ್ಲಿ ತಿರುಗಬೇಕು ಎಂಬುದಕ್ಕೆ ಸೆಣಸುತ್ತವೆ.

ಕೊನೆಗೆ ಯಾವ ವಿಚಾರ ಗೆಲ್ಲಬೇಕು?

ಯಾವುದಾದರೂ ಗೆಲ್ಲಲಿ. ಸೋತದ್ದಕ್ಕೆ ಬೆಲೆ ಇರಬೇಕು, ಗೆದ್ದದ್ದಕ್ಕೂ ಬೆಲೆ ಇರಬೇಕು. ಒಂದು ಎಚ್ಚರ: ಅಂತ್ಯ ಬದಲಾದರೆ ಇಡೀ ಕಥೆಯ ವಾದವೇ ಬದಲಾಗುತ್ತದೆ.

ಇದಕ್ಕೆ ನಾಟಕದ ಇತಿಹಾಸದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1879ರಲ್ಲಿ ಬಂದ, ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕದ ಕೊನೆಯಲ್ಲಿ ನಾಯಕಿ ನೋರಾ ಗಂಡ ಮಕ್ಕಳನ್ನು ಬಿಟ್ಟು ಬಾಗಿಲು ಎಳೆದುಕೊಂಡು ಹೊರಟುಹೋಗುತ್ತಾಳೆ. ಹೆಂಡತಿ, ತಾಯಿ ಎನ್ನುವ ಕರ್ತವ್ಯ ಒಂದು ಕಡೆ, ನಾನೂ ಒಬ್ಬ ಮನುಷ್ಯಳು ಎನ್ನುವುದು ಇನ್ನೊಂದು ಕಡೆ. ಜರ್ಮನಿಯಲ್ಲಿ ಆ ಪಾತ್ರ ಮಾಡಬೇಕಿದ್ದ ನಟಿ, ನಾನಾದರೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ, ಹಾಗಾಗಿ ಈ ಅಂತ್ಯವನ್ನು ಆಡುವುದಿಲ್ಲ ಎಂದಳು. ಆ ಕಾಲದ ಕಾನೂನಿನಲ್ಲಿ ಅವನ ನಾಟಕಕ್ಕೆ ಅಲ್ಲಿ ರಕ್ಷಣೆ ಇರಲಿಲ್ಲ. ಬೇರೆ ಯಾರೋ ಕೈ ಹಾಕಿ ಕೆಡಿಸುವುದಕ್ಕಿಂತ ತಾನೇ ಬದಲಿಸುವುದು ಮೇಲು ಎಂದು ಇಬ್ಸೆನ್ ಇನ್ನೊಂದು ಅಂತ್ಯ ಬರೆದುಕೊಟ್ಟ. ಅದರಲ್ಲಿ ಗಂಡ ಅವಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಕರೆದೊಯ್ಯುತ್ತಾನೆ, ಅವಳು ಅಲ್ಲೇ ಕುಸಿಯುತ್ತಾಳೆ, ಹೋಗುವುದಿಲ್ಲ. 1880ರಲ್ಲಿ ಅದು ರಂಗದ ಮೇಲೂ ಬಂತು. ತನ್ನ ನಾಟಕದ ಮೇಲೆ ನಡೆದ ಅನಾಗರಿಕ ಹಲ್ಲೆ ಇದು ಎಂದು ಇಬ್ಸೆನ್ ತಾನು ಬರೆದ ಆ ಸಾಲುಗಳನ್ನು ತಾನೇ ಬೈದುಕೊಂಡ. ಬದಲಾದದ್ದು ಕೆಲವೇ ಸಾಲು. ಆದರೆ ಅಲ್ಲಿಯವರೆಗೆ ಮೂರು ಅಂಕ ಕಟ್ಟಿದ ಪ್ರಶ್ನೆಗೆ ಉತ್ತರ ತಲೆಕೆಳಗಾಯಿತು.

ನನಗೆ ಕೊನೆಯಲ್ಲಿ ಇಬ್ಬರೂ ತಬ್ಬಿಕೊಂಡು "ಇಬ್ಬರದೂ ಸರಿ" ಎನ್ನುವ ಅಂತ್ಯ ಕಂಡರೆ ಅಲರ್ಜಿ. ಇಪ್ಪತ್ತು ಪುಟ ಕಾದ ಓದುಗರಿಗೆ ಅದು ಮೋಸ.

ನೀವು ಯಾರ ಪರ ಎಂದು ಓದುಗರು ಕೇಳಿದರೆ?

ಗೊತ್ತಿದ್ದರೆ ಹೇಳಿ, ತಪ್ಪೇನಿಲ್ಲ. ಆದರೆ ಬರೆಯುವಾಗ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕವಿ ಕೀಟ್ಸ್ 1817ರಲ್ಲಿ ತನ್ನ ತಮ್ಮಂದಿರಿಗೆ ಬರೆದ ಪತ್ರದಲ್ಲಿ ಇಂಥದೊಂದು ಶಕ್ತಿಯ ಬಗ್ಗೆ ಹೇಳುತ್ತಾನೆ. ಅನುಮಾನದಲ್ಲಿ, ಗೊಂದಲದಲ್ಲಿ, ಉತ್ತರಕ್ಕಾಗಿ ಚಡಪಡಿಸದೆ ಸುಮ್ಮನೆ ಇರಬಲ್ಲ ಶಕ್ತಿ. ಕಥೆ ಬರೆಯುವಾಗ ನನಗೆ ಅದು ಹತ್ತು ನಿಮಿಷ ಸಿಕ್ಕರೆ ಹೆಚ್ಚು.

ಸಂಘರ್ಷ ಇಲ್ಲದೆ ಕಥೆ ಆಗುವುದೇ ಇಲ್ಲವಾ?

ಆಗುತ್ತದೆ. ಸಂಘರ್ಷವೇ ಕಥೆಯ ಜೀವ ಎಂದು ಬರವಣಿಗೆ ಕಲಿಸುವ ಪುಸ್ತಕಗಳು ಹೇಳುವುದು ಪೂರ್ತಿ ನಿಜವಲ್ಲ. ಚೀನಾದ ನಾಲ್ಕು ಸಾಲಿನ ಪದ್ಯಗಳಿಂದ ಬಂದ ಒಂದು ಕಟ್ಟಣೆ ಇದೆ, ಜಪಾನಿನಲ್ಲಿ ಅದನ್ನು ಕಿ-ಶೋ-ತೆನ್-ಕೆತ್ಸು ಎನ್ನುತ್ತಾರೆ. ಮೊದಲು ಒಂದು ಸಂಗತಿ, ಆಮೇಲೆ ಅದರ ಬೆಳವಣಿಗೆ, ಮೂರನೆಯದಾಗಿ ಸಂಬಂಧವೇ ಇಲ್ಲದಂತೆ ಕಾಣುವ ಒಂದು ತಿರುವು, ಕೊನೆಗೆ ಎರಡನ್ನೂ ಕೂಡಿಸುವ ಸಾಲು. ಅಲ್ಲಿನ ನಾಲ್ಕು ಚೌಕದ ಕಾಮಿಕ್ಸುಗಳಲ್ಲೂ ಇದೇ ಇರುತ್ತದೆ. ಯಾರೂ ಯಾರ ವಿರುದ್ಧವೂ ನಿಲ್ಲಬೇಕಿಲ್ಲ. ಆದರೂ ಎರಡು ಬೇರೆ ಸಂಗತಿಗಳನ್ನು ಪಕ್ಕಪಕ್ಕ ಇಟ್ಟಾಗ ಓದುಗರ ತಲೆಯೊಳಗೆ ಏನೋ ಕಿಡಿ ಹಾರುತ್ತದಲ್ಲ, ಅದು ನಮ್ಮ ವಿಷಯದ ದೂರದ ನೆಂಟನೇ.

ಎರಡೂ ಕಡೆ ಸಮ ಇದೆ ಎಂದು ತಿಳಿಯುವುದು ಹೇಗೆ?

ಇಬ್ಬರಿಗೆ ಓದಲು ಕೊಡಿ. ಇಬ್ಬರೂ ಒಂದೇ ಪಾತ್ರದ ಕಡೆ ವಾಲಿದರೆ ತಕ್ಕಡಿ ಸರಿಯಿಲ್ಲ. ಅವರಿಬ್ಬರೇ ಜಗಳಕ್ಕೆ ಬಿದ್ದರೆ ನೀವು ಗೆದ್ದಿರಿ.

ಪುಟ ಎಣಿಸಿ ಸಮ ಮಾಡಲು ಹೋಗಬೇಡಿ. ಒಂದು ಸಣ್ಣ ವಿವರ ಸಾಕು ತಕ್ಕಡಿ ತೂಗಾಡಲು. ತಮ್ಮ ಕದ್ದ ಲಕೋಟೆಯ ಮೇಲೆ ಏನು ಬರೆದಿದೆ ಎಂದು ನಾನು ತೀರ್ಮಾನಿಸಬೇಕಿತ್ತು. ಮೊದಲ ಸಲ ತಮ್ಮನ ಹೆಸರನ್ನೇ ಬರೆದೆ. ಅಮ್ಮ ಮಗನಿಗೆ ಬರೆದ ಪತ್ರವನ್ನು ಅಪ್ಪ ಮುಚ್ಚಿಟ್ಟಿದ್ದರು ಎಂದು. ಓದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಬಹಳ ಖುಷಿಪಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಅಕ್ಕ ಸತ್ತೇ ಹೋಗಿದ್ದಳು. ಅಂದರೆ ಅವಳ ವಾದ. ಅವನ ಹೆಸರಿಗೆ ಬಂದ ಪತ್ರವನ್ನು ಸುಡಲು ಅಪ್ಪನಿಗೇ ಹಕ್ಕಿಲ್ಲ, ಇನ್ನು ಅವಳ ಮಾತಿಗೆ ಎಲ್ಲಿಯ ಬೆಲೆ? ಸಂಘರ್ಷ ಮುಗಿದು ಬರೀ ಅಳು ಉಳಿದಿತ್ತು. ಆ ಹೆಸರು ಅಳಿಸಿದೆ.

ಆ ಟ್ರಂಕಿನ ಕಥೆ ಕೊನೆಗೆ ಏನಾಯಿತು?

ಈಗಿನ ಕರಡಿನಲ್ಲಿ ಲಕೋಟೆಗಳೆಲ್ಲ ಅಪ್ಪನ ಹೆಸರಿಗೇ ಇವೆ, ಅಮ್ಮನ ಅಕ್ಷರದಲ್ಲಿ. ತಮ್ಮ ತಾನು ಕದ್ದದ್ದನ್ನು ಇನ್ನೂ ಓದಿಲ್ಲ. ಮೂರನೇ ದಿನ ಅಂಗಿಯೊಳಗಿಂದ ತೆಗೆದು ಅಕ್ಕನ ಮುಂದೆ ಇಡುತ್ತಾನೆ. ಅವಳು ಬೈಯುವುದಿಲ್ಲ. ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚುತ್ತಾಳೆ, ಕಳೆದುಹೋಗಿತ್ತಲ್ಲ, ಅದೇ. ಇಬ್ಬರೂ ಟ್ರಂಕು ತೆರೆದು ಒಂದೊಂದೇ ಲಕೋಟೆ ತಿರುಗಿಸಿ ನೋಡುತ್ತಾರೆ. ಎಲ್ಲವೂ ಅಂಟು ಬಿಡದೆ ಹಾಗೇ ಇವೆ. ಅಪ್ಪ ಒಂದನ್ನೂ ಒಡೆದಿಲ್ಲ. "ಯಾರೂ ಓದೋದು ಬೇಡ" ಎಂದಿದ್ದರಲ್ಲ, ಆ ಯಾರೂ ಎನ್ನುವುದರಲ್ಲಿ ಅವರೂ ಇದ್ದರು.

ಅಕ್ಕ ಒಂದು ಲಕೋಟೆಯನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಉಗುರು ಇಟ್ಟು ಕೂತಿದ್ದಾಳೆ. ಬೆಂಕಿಪೊಟ್ಟಣ ತಮ್ಮನ ಕೈಯಲ್ಲಿದೆ. ಅದರಲ್ಲಿ ಎಷ್ಟು ಕಡ್ಡಿ ಉಳಿದಿದೆ ಎಂದು ಅವನು ಎಣಿಸುತ್ತಿದ್ದಾನೆ. ಅಲ್ಲಿಗೆ ನಿಲ್ಲಿಸಿದ್ದೇನೆ. ಹನ್ನೊಂದು ದಿನ ಆಯಿತು.